ಒಂದು ಸೀಟಿನ ಬೈಕು, ಎರಡು ಸೀಟಿನ ಅನುಮಾನ

ನಮ್ಮ ಕಡೆ ಮನೆಗೆ ಹೊಸ ವಸ್ತು ಬಂದರೆ ‘ಚೆನ್ನಾಗಿದೆ’ ಅನ್ನುವ ಮೊದಲು ‘ಎಂತಕ್ಕೆ ತಂದ್ರಿ?’ ಅಂತ ಕೇಳುವುದು ರೂಢಿ. ನಮ್ಮ ಮನೆ ಅದರಲ್ಲಿ ಒಂದು ಕೈ ಮುಂದೆ. ಅಂಗಡಿಯವ ತೂಕದ ಮೇಲೆ ಒಂದು ಹಿಡಿ ಜಾಸ್ತಿ ಹಾಕಿದರೆ, ಬೇಳೆಯಲ್ಲಿ ಹುಳ ಇರಬೇಕು ಅನ್ನುವವರು ನಮ್ಮ ಅತ್ತೆ. ನಾನು ಮದುವೆಯಾಗಿ ಬಂದಾಗ ಹೀಗಿರಲಿಲ್ಲ. ಇದು ಅಂಟುರೋಗ. ಬಾಳೂರಿನ ಕಡೆ ಮೊಬೈಲಿಗೆ ಇನ್ನೂ ಸಿಗ್ನಲ್ ಬಾರದಿದ್ದ ಕಾಲದಲ್ಲಿ ನಮ್ಮನೆಯವರು ಒಂದು ಬೈಕು ಆರಿಸಲು ಹೊರಟಾಗ ನಡೆದದ್ದೆಲ್ಲ ಈ ರೋಗದ ಕತೆಯೇ.

ತಟ್ಟೆ ತೊಳೆದ ದಿನ

ಒಂದು ಬೆಳಗ್ಗೆ ನಮ್ಮನೆಯವರು ಕಡುಬು ತಿಂದು ತಮ್ಮ ತಟ್ಟೆಯನ್ನು ತಾವೇ ತೊಳೆದು ಬೋರಲು ಹಾಕಿದರು. ಮದುವೆಯಾದ ಮೇಲೆ ಅದೇ ಮೊದಲು. ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ.

“ಮೇಲಿನ ಬ್ಲಾಕಿಗೆ ಜೀಪು ಹತ್ತಲ್ಲ. ಒಂದು ಬೈಕಿದ್ರೆ...” ಅಂತ ಶುರು ಮಾಡಿದರು.

ಮೇಲಿನ ಬ್ಲಾಕು ಅಂದರೆ ನಮ್ಮ ತೋಟದ ತುದಿ. ಮಾವನವರು ತಾವೇ ನಿಂತು ಕಾಫಿ ಗಿಡ ಹಾಕಿಸಿದ ಜಾಗ. ಅಲ್ಲಿಗೆ ಕಾಲುದಾರಿ ಮಾತ್ರ.

“ಎರಡು ಬೈಕು ನೋಡಿಟ್ಟಿದೀನಿ. ಚಿಕ್ಕಮಗಳೂರಲ್ಲಿ ಇರೋದು ಮೋಟೋಕ್ರಾಸು. ಮಣ್ಣಿನ ಟ್ರ್ಯಾಕಲ್ಲಿ ರೇಸ್ ಬಿಡೋದು, ದಿಣ್ಣೆ ಸಿಕ್ಕಿದ್ರೆ ಹಾರುತ್ತೆ. ಬಣಕಲ್‌ನಲ್ಲಿ ಇರೋದು ಎಂಡ್ಯೂರೋ, ಟ್ರೇಲ್ ಬೈಕು ಅಂತಾರೆ. ಅದು ಅಷ್ಟೊಂದು ಹಾರಲ್ಲ. ಆದ್ರೆ ಕಾಡು, ಕಲ್ಲು, ಹಳ್ಳ ದಾಟಿಕೊಂಡು ದಿನವಿಡೀ ಹೋಗುತ್ತೆ. ರೋಡಿಗೂ ಇಳಿಸಬಹುದು.”

“ನಿಮಗೆ ಯಾವುದು ಇಷ್ಟ?”

“ಹಾರೋದು.”

ಅತ್ತೆ ಒಲೆಯ ಹತ್ತಿರದಿಂದಲೇ ಕೇಳಿದರು. “ಮೆಣಸು ಕೊಯ್ಯೋ ಏಣಿ ಎರಡು ಮೆಟ್ಟಿಲು ಹತ್ತಿ ತಲೆ ತಿರುಗುತ್ತೆ ಅಂತ ಇಳಿದವ ಇವನೇ ಅಲ್ವನೇ?”

ಸೀಟು ಯಾರಿಗೆ?

ಸಂಜೆ ಎರಡೂ ಬೈಕಿನ ಫೋಟೊ ತೋರಿಸಿದರು. ಮೋಟೋಕ್ರಾಸಿನ ಫೋಟೊ ತಿರುಗಿಸಿ ಮುರುಗಿಸಿ ನೋಡಿದೆ.

“ಹಿಂದೆ ಕೂರೋರು ಎಲ್ಲಿ ಕೂರೋದು?”

“ಇದರಲ್ಲಿ ಒಬ್ಬರೇ.”

ಅಂದರೆ ನನ್ನನ್ನು ಎಲ್ಲಿಗೂ ಕರೆದುಕೊಂಡು ಹೋಗುವ ಯೋಚನೆಯೇ ಇಲ್ಲ ಅಂತಾಯಿತು. ಆ ದಿನ ಅವರ ಅನ್ನಕ್ಕೆ ತುಪ್ಪ ಬೀಳಲಿಲ್ಲ. ಅವರಿಗೆ ಅರ್ಥವಾಗಿ, “ಸರಿ, ಟ್ರೇಲ್ ಬೈಕಲ್ಲಿ ಇಬ್ಬರು ಕೂರಬಹುದು, ಅದೇ ನೋಡುವ” ಅಂದರು. ನನಗೆ ಸಮಾಧಾನವಾಯಿತು. ಆದರೆ ಮರುದಿನ ಸೊಪ್ಪು ಬಿಡಿಸುತ್ತಾ ಕೂತಾಗ ಅತ್ತೆ ಹತ್ತಿರ ಸರಿದರು.

“ಎರಡು ಸೀಟು ಅಂತೆ?”

“ಹೌದಂತೆ ಅತ್ತೆ.”

“ನೀನು ಬೈಕಂದ್ರೆ ಹೆದರ್ತೀಯ. ನಂಗೆ ಸೊಂಟ ನೋವು. ಮತ್ತೆ ಆ ಸೀಟು ಯಾರಿಗೆ ಮಾರಾಯ್ತಿ?”

ಒಂದು ಸೀಟಾದರೆ ನನಗೆ ಅನುಮಾನ, ಎರಡಾದರೆ ಅತ್ತೆಗೆ. ಕೊನೆಗೆ ನಮ್ಮನೆಯವರು, ಸೀಟೇ ಇಲ್ಲದ ಬೈಕು ಎಲ್ಲಾದರೂ ಸಿಗುತ್ತಾ ಅಂತ ಮೂಡಿಗೆರೆಯ ಗ್ಯಾರೇಜಿನಲ್ಲಿ ವಿಚಾರಿಸಿ ಬಂದರಂತೆ.

ಗಂಟೆ ಲೆಕ್ಕ

ಕಣ್ಣಾರೆ ನೋಡದೆ ತರಬಾರದು ಅಂತ ಅತ್ತೆಯೂ ಜೀಪು ಹತ್ತಿದರು. ಚಿಕ್ಕಮಗಳೂರಿನಲ್ಲಿ ಮೋಟೋಕ್ರಾಸು ಮಾರುತ್ತಿದ್ದವನು ರೇಸ್ ಬಿಡುವ ಯುವಕ.

“ಎಂತಕ್ಕೆ ಮಾರ್ತಿದೀಯಪ್ಪ?” ಅತ್ತೆ ಕೇಳಿದರು.

“ಓದಕ್ಕೆ ಟೈಮ್ ಸಾಲ್ತಿಲ್ಲ ಅಮ್ಮ” ಅಂದ. ಎಡಗೈ ಪ್ಲಾಸ್ಟರಿನಲ್ಲಿ ನೇತಾಡುತ್ತಿತ್ತು.

ಅತ್ತೆ ಬೈಕಿಗೆ ಒಂದು ಸುತ್ತು ಬಂದರು. “ಲೈಟೆಲ್ಲಿ?” ಇರಲ್ಲ. “ಹಾರನ್ನು?” ಇರಲ್ಲ. “ಕೀ?” ಅದೂ ಇರಲ್ಲ. ಅತ್ತೆ ನನ್ನ ಕೈ ಹಿಂಡಿದರು. “ಕದ್ದ ಮಾಲು. ಕೀ ಇಲ್ಲದ ಗಾಡಿ ಕಳ್ಳರ ಹತ್ರ ಮಾತ್ರ ಇರುತ್ತೆ.”

“ಎಷ್ಟು ಕಿಲೋಮೀಟರ್ ಓಡಿದೆ?” ನಮ್ಮನೆಯವರು ಮಾತು ತಿರುಗಿಸಿದರು.

“ಇದಕ್ಕೆ ಕಿಲೋಮೀಟರ್ ಲೆಕ್ಕ ಇಲ್ಲ ಸಾರ್. ಗಂಟೆ ಲೆಕ್ಕ. ಇಷ್ಟು ಗಂಟೆ ಓಡಿದ ಮೇಲೆ ಪಿಸ್ಟನ್ ಬದಲಾಯಿಸ್ಬೇಕು.”

“ಮನೆಗೆ ಓಡಿಸಿಕೊಂಡು ಹೋಗಬಹುದಾ?”

“ರೋಡಲ್ಲಿ ಬಿಡೋ ಹಾಗಿಲ್ಲ ಸಾರ್. ಜೀಪಲ್ಲಿ ಹಾಕ್ಕೊಂಡು ಹೋಗಿ.”

ಅತ್ತೆ ಮಗನ ಕಡೆ ತಿರುಗಿದರು. “ಗಂಟೆ ಲೆಕ್ಕದಲ್ಲಿ ಓಡುತ್ತೆ, ಜೀಪಲ್ಲಿ ಹೊತ್ಕೊಂಡು ತಿರುಗ್ಬೇಕು. ಇದು ಬೈಕಲ್ಲ ಕಣೋ, ಸ್ಪ್ರಿಂಕ್ಲರ್ ಪಂಪು.”

ದೊಗಲೆ ಪ್ಯಾಂಟು

ಅದೇ ದಿನ, ಅದೇ ಬೈಕು. “ಹತ್ತಿ ನೋಡಿ ಸಾರ್” ಅಂದ ಯುವಕ. ಸೀಟು ನಮ್ಮನೆಯವರ ಸೊಂಟಕ್ಕೆ ಬರುತ್ತಿತ್ತು. ಬಲಗಾಲು ಎತ್ತಿದರು, ಅರ್ಧಕ್ಕೆ ನಿಂತಿತು. ಬೈಕು ಸುತ್ತಿ ಆ ಕಡೆಯಿಂದ ಎತ್ತಿದರು. ಅಲ್ಲೂ ಅಷ್ಟೇ.

“ಪ್ಯಾಂಟು ಬಿಗಿ” ಅಂದರು.

ಆ ಪ್ಯಾಂಟಿಗೆ ಇಸ್ತ್ರಿ ಹಾಕಿದವಳು ನಾನು. ಒಳಗೆ ಇನ್ನೊಬ್ಬರು ಹಿಡಿಸುವಷ್ಟು ದೊಗಲೆ.

ದಾರಿಯುದ್ದಕ್ಕೂ ಯೋಚಿಸಿದೆ. ಕಳೆದ ಮಳೆಗಾಲದಿಂದ ಈಚೆಗೆ ಇವರು ಮೇಲಿನ ಬ್ಲಾಕಿಗೆ ಹೋದದ್ದೇ ಇಲ್ಲ. ಕೆಳಗೆ ನಿಂತು, ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿಯನ್ನು ಕೂಗಿ ಕೇಳುವುದು, ಅವನು ಹೇಳಿದ್ದಕ್ಕೆ ತಲೆ ಆಡಿಸುವುದು. ಮನೆಗೆ ಬಂದು ಅತ್ತೆ ಕೈಕಾಲು ತೊಳೆಯಲು ಹೋದಾಗ ನೇರವಾಗಿ ಕೇಳಿದೆ. ಇವರು ಅಂಗಳದ ಕಡೆ ನೋಡುತ್ತಾ ಹೇಳಿದರು.

“ಮಂಡಿ ಮಡಚಕ್ಕೆ ಆಗ್ತಿಲ್ಲ ಕಣೇ. ಅರ್ಧ ದಾರೀಲಿ ಕೂತುಬಿಡ್ತೀನಿ. ಅಪ್ಪ ಹಾಕಿಸಿದ ತೋಟ, ಕಣ್ಣಲ್ಲಿ ನೋಡದೆ ವರ್ಷ ಆಗ್ತಾ ಬಂತು.”

ಅತ್ತೆಯ ಮಾತು ಕೇಳಿ ನಾನೂ ಎರಡನೇ ಸೀಟಿನ ಮೇಲೆ ಯಾರ್‍ಯಾರನ್ನೋ ಕೂರಿಸಿ ನೋಡಿದ್ದೆ. ಅಲ್ಲಿ ಕೂತದ್ದು ಮಂಡಿ ನೋವು. ಆದರೂ ಕೇಳಿದೆ, “ಮಂಡಿ ನೋವಿದ್ದವರಿಗೆ ಹಾರೋ ಬೈಕೇ ಯಾಕ್ರೀ ಇಷ್ಟ ಆಯ್ತು?”

“ಹಾರೋವಾಗ ಕಾಲಿಗೆ ಎಂತ ಕೆಲಸ ಇದೆ ಹೇಳು?” ಅಂದರು.

ಅಡುಗೆಮನೆಯ ಗುಟ್ಟು

ಬಣಕಲ್‌ನ ಟ್ರೇಲ್ ಬೈಕಿಗೆ ಲೈಟಿತ್ತು, ಹಾರನ್ನಿತ್ತು, ಕೀ ಇತ್ತು, ಕಾಗದಪತ್ರ ಇತ್ತು. ಸೀಟು ತಗ್ಗು. ಬಟನ್ ಒತ್ತಿದರೆ ಸ್ಟಾರ್ಟು, ಒದೆಯುವ ಕೆಲಸವೇ ಇಲ್ಲ. ಇವರು ಹತ್ತಿ ಕೂತು ನಕ್ಕರು. ಅತ್ತೆಯ ಹುಬ್ಬು ಮಾತ್ರ ಇಳಿಯಲಿಲ್ಲ.

“ಎಲ್ಲಾ ಸರಿಯಿರೋ ಗಾಡೀನ ಯಾರಾದ್ರೂ ಮಾರ್ತಾರಾ?”

ಮಾರುತ್ತಿದ್ದ ಪ್ಲಾಂಟರು ಅತ್ತೆಗಿಂತ ಸ್ವಲ್ಪ ಚಿಕ್ಕವರು. “ವಯಸ್ಸಾಯ್ತಲ್ಲ ಅಮ್ಮ, ಇನ್ನು ಬೈಕು ಸಾಕು ಅನ್ನಿಸ್ತು” ಅಂದರು. ಅಷ್ಟರಲ್ಲಿ ಅವರ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು.

“ದಮ್ಮಯ್ಯ, ನಿಮ್ಮವರ ಬಾಯಲ್ಲಿ ಬೇಡ ಅನ್ನಿಸಿಬಿಡಿ.”

“ಯಾಕೆ, ಬೈಕು ಹಾಳಾಗಿದೆಯಾ?”

“ಬೈಕು ಚಿನ್ನದಂಥದ್ದು. ಆದ್ರೆ ಇದು ಹೋದ ಕೂಡ್ಲೇ ಇನ್ನೊಂದು ತರ್ತಾರಂತೆ. ಚಿಕ್ಕಮಗಳೂರಲ್ಲಿ ಯಾರೋ ಕೈ ಮುರಿದ ಹುಡುಗನ ಹತ್ರ ಇದೆಯಂತೆ, ಒಂದೇ ಸೀಟಿಂದು.” ದನಿ ಇನ್ನೂ ತಗ್ಗಿಸಿದರು. “ಒಂದೇ ಸೀಟು ಅಂದ್ರೆ ಎಂತ ಅರ್ಥ, ನೀವೇ ಹೇಳಿ?”

ಹಲಸಿನ ಮರ

ಟ್ರೇಲ್ ಬೈಕು ಮನೆಗೆ ಬಂತು. ಮುಂಗಾರು ಹಿಡಿದ ವಾರ. ಮೇಲಿನ ಬ್ಲಾಕಿನಲ್ಲಿ ಕೆಂಪು ತೊಳೆಯ ಹಲಸಿನ ಮರವೊಂದಿತ್ತು, ಬೇಸಿಗೆಯಲ್ಲೇ ಗಾಳಿಗೆ ಬಿತ್ತು ಅಂತ ಮೇಸ್ತ್ರಿ ವರದಿ ಕೊಟ್ಟಿದ್ದ. ಅದನ್ನು ನೋಡಬೇಕು ಅಂತ ಅತ್ತೆ ಹಟ ಹಿಡಿದರು. ಸೊಂಟ ನೋವು ಎಲ್ಲಿ ಹೋಯಿತೋ. ಮಳೆಗೆ ಮಗನ ಉದ್ದನೆ ರೈನ್‌ಕೋಟು, ರಕ್ತ ಹೀರುವ ಇಂಬಳ ಕಾಲಿಗೆ ಹತ್ತದಂತೆ ಗಮ್‌ಬೂಟು, ತಲೆಗೆ ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟು. ಹಿಂದಿನ ಸೀಟಿನಲ್ಲಿ ಮಗನ ಸೊಂಟ ಹಿಡಿದು ಹೊರಟೇಬಿಟ್ಟರು. ಮುಂದಿನದನ್ನು ಇವರು ಬಂದು ಹೇಳಿದ್ದು, ಅದೂ ನಕ್ಕು ನಕ್ಕು ಮೂರು ಕಂತಿನಲ್ಲಿ.

ಮೇಲೆ ಹೋದವರೇ ಇವರು ಬೇರೊಂದು ಮರದ ಮರೆಗೆ ಒಂದು ಕಲ್ಲಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದರು. ಅತ್ತೆ ಬೈಕಿನ ಪಕ್ಕ ನಿಂತು ಹಲಸಿನ ಬುಡವನ್ನೇ ನೋಡುತ್ತಿದ್ದರು. ಬೈಕಿನ ಸದ್ದು ಕೇಳಿ ಮೇಸ್ತ್ರಿ ಓಡಿ ಬಂದ. ಅವನು ಆ ಬೈಕನ್ನು ಕಂಡವನಲ್ಲ. ಹೆಲ್ಮೆಟ್ಟಿಗೆ ಒಂದು ಸೆಲ್ಯೂಟು ಹೊಡೆದ.

“ಫಾರೆಸ್ಟಿನವ್ರಾ ಸಾರ್? ಆ ಮರ ಗಾಳಿಗೆ ಬಿದ್ದಿದ್ದು ಸಾರ್.”

ಹೆಲ್ಮೆಟ್ಟು ಮರದ ಬುಡದ ಕಡೆ ಬಗ್ಗಿತು.

“ಗಾಳಿಗೆ ಸ್ವಲ್ಪ ವಾಲಿತ್ತು ಸಾರ್. ಮಿಕ್ಕಿದ್ದು ನಾನೇ... ಮನೆಗೆ ಒಂದು ಬಾಗಿಲು, ಒಂದು ಮಂಚ ಮಾಡಿಸ್ಕೊಂಡೆ, ಅಷ್ಟೇ.”

ಹೆಲ್ಮೆಟ್ಟು ನಿಧಾನವಾಗಿ ಅವನ ಕಡೆ ತಿರುಗಿತು.

“ಎರಡು ಮಂಚ ಸಾರ್.”

ಆಮೇಲೆ ಮೇಸ್ತ್ರಿ ಹತ್ತಿರ ಬಂದು ಕೈ ಮುಗಿದ. “ನಮ್ಮ ಯಜಮಾನ್ರು ಒಳ್ಳೆಯವ್ರು ಸಾರ್, ಹೇಗೋ ಹೇಳಿ ಒಪ್ಪಿಸ್ತೀನಿ. ಅವರ ತಾಯಿಗೆ ಒಂದು ಗೊತ್ತಾಗ್ಬಾರ್ದು. ಆಯಮ್ಮಂಗೆ ಗಾಳಿ ಮೇಲೂ ಅನುಮಾನ.”

ಹೆಲ್ಮೆಟ್ಟಿನ ಒಳಗಿಂದ ಉತ್ತರ ಬಂತು.

“ಹೆದರ್ಬೇಡ ಮಾರಾಯ, ನಾನು ಅವರಿಗೆ ಹೇಳಲ್ಲ.”