ಮೂಲೆಯ ಚೌಕದಲ್ಲಿ ಬಂದ ಸಂಬಂಧ

ಡೊಂಬಿವಲಿ ಪೂರ್ವ: ನಮ್ಮ ಸೊಸೈಟಿಯ ಎರಡನೇ ಮಹಡಿಯ ಮನೆಯೊಂದರ ಕಂಪ್ಯೂಟರಿನಲ್ಲಿ, ಪರದೆಯ ಬಲಗಡೆಯ ಕೆಳಮೂಲೆಯಿಂದ ಭಾನುವಾರ ಬೆಳಿಗ್ಗೆ ಒಂದು ಚಿಕ್ಕ ಚೌಕ ಮೇಲೆದ್ದು, ಮನೆಯವರು ಕನ್ನಡಕ ಹುಡುಕುವಷ್ಟರಲ್ಲಿ ಮಾಯವಾಗಿದೆ. ಯಾವುದೇ ಸಾವುನೋವು ಸಂಭವಿಸಿಲ್ಲ. ಸಾವು ಮೊದಲೇ ಆಗಿತ್ತು.

ಇಂಥವು ನನ್ನ ಪಾಲಿಗೆ ಬರುತ್ತಲೇ ಇರುತ್ತವೆ. ಐರೋಲಿಯ ಒಂದು ಕಂಪನಿಯ ಹೆಲ್ಪ್‌ಡೆಸ್ಕಿನಲ್ಲಿ ನನ್ನ ಕೆಲಸ. ಹಗಲೆಲ್ಲ ಫೋನಿನಲ್ಲಿ "ಒಮ್ಮೆ ಬಂದ್ ಮಾಡಿ ಚಾಲೂ ಮಾಡಿ" ಎಂದು ಹೇಳಿ ಮನೆಗೆ ಬಂದರೆ, ಗಾಜಿನ ಹಿಂದೆ ಬೆಳಕು ಬರುವ ಎಲ್ಲದಕ್ಕೂ ನಾನೇ ಹೊಣೆ ಎಂದು ಸೊಸೈಟಿಯವರು ತೀರ್ಮಾನಿಸಿದ್ದಾರೆ. ಅದರಲ್ಲಿ ಮೈಕ್ರೋವೇವೂ ಸೇರಿದೆ. ಬ್ರೌಸರಿನ ತೊಂದರೆಗಳಲ್ಲಿ ಹೊಸದೇನೂ ಇರುವುದಿಲ್ಲ. ಬೇಡದ ನೋಟಿಫಿಕೇಶನ್ ಬರುತ್ತದೆ, ಬೇಡದ ಹೆಸರು ತುಂಬಿಕೊಳ್ಳುತ್ತದೆ, ಬೇಕಾದಾಗ ಲಾಗಿನ್ ಆಗುವುದಿಲ್ಲ. ಪರಿಹಾರ ಎಲ್ಲ ಮನೆಗೂ ಒಂದೇ. ಎರಡನೇ ಮಹಡಿಗೆ ಮಾತ್ರ ಅದು ಹೊಂದಲಿಲ್ಲ.

೧. ಯಾರೋ ನೋಡಿದ್ದಾರೆ

ಅದು ಉಡುಪಿ ಕಡೆಯವರ ಮನೆ. ಯಜಮಾನರು ಕಲ್ಯಾಣ ಸ್ಟೇಶನ್ನಿನ ಎದುರು ಬಹಳ ವರ್ಷ ಹೋಟೆಲ್ ನಡೆಸಿ, ಈಗ ಮಾರಿ ಕುಳಿತವರು. ಹೋಟೆಲಿನವರಾದ್ದರಿಂದ ಎಂಬತ್ತು ವರ್ಷದವರಿಗೂ ಎಂಟು ವರ್ಷದವರಿಗೂ ಅವರು ಅಣ್ಣ, ಅವರ ಹೆಂಡತಿ ಅಕ್ಕ. ನಾನು ತಿಳಿದಂತೆ ಅವರಿಗೆ ಒಬ್ಬಳೇ ಮಗಳು. ಠಾಣೆಯಲ್ಲಿ ಕೆಲಸ. ಅದೇ ಆಫೀಸಿನ ಮರಾಠಿ ಹುಡುಗನನ್ನು ಮೆಚ್ಚಿದ್ದಳು, ಎರಡೂ ಮನೆಯವರು ಒಪ್ಪಿಯೂ ಆಗಿತ್ತು. ಯಾಕೋ ದಿನ ಮಾತ್ರ ಗೊತ್ತಾಗಿರಲಿಲ್ಲ.

ನಾನು ಕುರ್ಚಿ ಎಳೆದುಕೊಂಡು ಕೂತಾಗಲೇ ಚೌಕ ಮತ್ತೆ ಎದ್ದಿತು: "ನಿಮ್ಮ ಪ್ರೊಫೈಲನ್ನು ಮೂವರು ನೋಡಿದ್ದಾರೆ. ಒಬ್ಬರಿಗೆ ನೀವು ಇಷ್ಟವಾಗಿದ್ದೀರಿ." ಊರಿನ ಕಡೆಯವರಿಗೆಂದೇ ಯಾರೋ ನಡೆಸುವ, ಸಂಬಂಧ ನೋಡುವ ಸೈಟು.

"ಮಗಳದು ನಿಕ್ಕಿ ಆಗ್ಯದಲ್ರೀ ಅಣ್ಣಾ. ಇದನ್ಯಾಕ ಇನ್ನೂ ಇಟ್ಟೀರಿ?" ಎಂದೆ. ನಾನು ಕಲಬುರಗಿ ಕಡೆಯವನು.

"ಇದು ಕಿರಿಯವಳದ್ದಲ್ಲ ಮಾರಾಯ್ರೆ. ದೊಡ್ಡವಳದ್ದು."

"ದೊಡ್ಡಾಕಿ ಯಾರ್ರೀ? ನಾ ಒಮ್ಮಿನೂ ನೋಡಿಲ್ಲಲ್ಲ."

"ನೋಡ್ಲಿಕ್ಕೆ ಸಿಗುದಿಲ್ಲ. ಮೂರು ತಿಂಗಳ ಮಗು ಇರುವಾಗಲೇ ಹೋಗಿದೆ."

ಅಣ್ಣ ಇದನ್ನು ಲೋಕಲ್ ಟ್ರೇನು ತಡ ಎಂದು ಹೇಳುವ ದನಿಯಲ್ಲಿ ಹೇಳಿದರು. ವಿಷಯ ಹೀಗೆ. ಅವರ ಕಡೆ, ಮದುವೆಯಾಗದೆ ತೀರಿಹೋದ ಮಕ್ಕಳು ಅಲ್ಲಿಗೇ ನಿಲ್ಲುವುದಿಲ್ಲ. ಆಚೆ ಕಡೆ ಅವರೂ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ. ಅವರಿಗೂ ಅಂಥದೇ ಸಂಬಂಧ ಹುಡುಕಿ ಶಾಸ್ತ್ರವಾಗಿ ಮದುವೆ ಮಾಡಬೇಕು. ಊರಿನಲ್ಲಿ ಜೋಯಿಸರ ಹತ್ತಿರ ಪ್ರಶ್ನೆ ಇಟ್ಟು ಕೇಳಿಸಿದಾಗ ಉತ್ತರ ಬಂದಿತ್ತು: ಹಿರಿಯವಳದ್ದು ಮುಗಿಯದೆ ಕಿರಿಯವಳಿಗೆ ಮುಹೂರ್ತ ಇಡಬೇಡಿ. ಊರಿನ ನೆಂಟರು ಹುಡುಕಿ ಸೋತರು. ಪ್ರಾಯ ಕೂಡಿದರೆ ಬಳಿ, ಅಂದರೆ ಗೋತ್ರದಂಥ ಮನೆತನದ ಮೂಲ, ಒಂದೇ ಆಗಿ ಕೂಡದಾಗುತ್ತಿತ್ತು. ಕೊನೆಗೆ ಅಣ್ಣ ಸೈಟಿಗೆ ಹಾಕಿದರು.

"ಮತ್ತ ಈ ಮಂದಿ ಯಾಕ ಇಷ್ಟ ಪಡ್ಲಿಕತ್ತಾರ? ನೀವು ತಿಳಿಸಿ ಬರದಿಲ್ಲೇನು?"

"ಬರೆದಿದ್ದೇನೆ. ವಿವರದಲ್ಲಿ ಮೊದಲನೇ ಸಾಲಿನಲ್ಲೇ ಉಂಟು. ಯಾರೂ ಓದುದಿಲ್ಲ."

ಪ್ರೊಫೈಲ್ ತೆರೆದು ನೋಡಿದೆ. ಫೋಟೋ ಇಲ್ಲ. ಉದ್ಯೋಗ ಇಲ್ಲ. ಸ್ವಭಾವ, ಶಾಂತ. ಆಹಾರ, ಮಾಂಸಾಹಾರ. "ಅವಳಿಗೆ ಎಲೆ ಹಾಕಿ ಬಡಿಸುವಾಗ ಕೋಳಿ ಬೇಕೇ ಬೇಕು" ಎಂದು ಅಕ್ಕ ಸಮರ್ಥಿಸಿದರು. ವಾಸ ಎಂಬಲ್ಲಿ, ಕೊಟ್ಟಿದ್ದ ಉತ್ತರಗಳಲ್ಲಿ ಒಂದನ್ನು ಆರಿಸಲೇಬೇಕಾಗಿದ್ದರಿಂದ, "ತಂದೆತಾಯಿಯ ಜೊತೆ" ಎಂದಿತ್ತು.

"ಇದೊಂದು ತಪ್ಪಾಗ್ಯದ ನೋಡ್ರಿ," ಎಂದೆ.

ಅಕ್ಕ ಒಳಕೋಣೆಯ ಕಡೆ ಒಮ್ಮೆ ನೋಡಿ, "ಅದು ಸರಿಯೇ ಉಂಟು," ಎಂದರು.

ನೋಟಿಫಿಕೇಶನ್ ಬಂದ್ ಮಾಡುವ ಜಾಗ ನನಗೆ ಗೊತ್ತಿತ್ತು. ಬಂದ ಸಂಬಂಧಕ್ಕೆ ಬಾಗಿಲು ಹಾಕುವುದಾ ಎಂದು ಅಕ್ಕ ಬಿಡಲಿಲ್ಲ. ಶಬ್ದವನ್ನಷ್ಟೇ ಕಡಿಮೆ ಮಾಡಿ ಚಹಾ ಕುಡಿದು ಬಂದೆ. ಒಳಕೋಣೆಯ ಕಡೆ ಬೆನ್ನು ಮಾಡಿ ಕೂತಿರಲಿಲ್ಲ.

೨. ಮೇಡಂ ಮನೆಯಲ್ಲಿದ್ದಾರೆ

ಕೆಲವು ದಿನಗಳ ಮೇಲೆ ಕಿರಿಯವಳೇ ಲಿಫ್ಟಿನಲ್ಲಿ ಹಿಡಿದಳು. ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ.

"ಅಂಕಲ್, ಮೈ ಕುಛ್ ಭೀ ಭರೂ, ದೀದಿ ಕಾ ನಾಮ್ ಆತಾ ಹೈ."

ಅವಳು ಏನೇ ತುಂಬಲು ಹೋದರೂ ಹಿರಿಯವಳ ಹೆಸರೇ ಬರುತ್ತಿತ್ತಂತೆ. ಇದರಲ್ಲಿ ನಿಗೂಢವೇನೂ ಇಲ್ಲ. ಯಾವ ಫಾರ್ಮಿನಲ್ಲಾದರೂ ಒಮ್ಮೆ ಹೆಸರು ವಿಳಾಸ ತುಂಬಿದರೆ ಬ್ರೌಸರು ನೆನಪಿಟ್ಟುಕೊಂಡು, ಮುಂದಿನ ಸಲ ಕೇಳದೆಯೇ ತುಂಬುತ್ತದೆ. ಅಣ್ಣ ಹಿರಿಯವಳ ಹೆಸರು ತುಂಬಿದ್ದರು, ಅದು ನೆನಪಿಟ್ಟುಕೊಂಡಿತ್ತು. ಹೀಗಾಗಿ ಹಿರಿಯವಳು ಆ ತಿಂಗಳು ಗ್ಯಾಸ್ ಬುಕ್ ಮಾಡಿದಳು, ದಾದರಿನ ಒಂದು ನಾಟಕಕ್ಕೆ ಟಿಕೆಟ್ ತೆಗೆದಳು, ಒಂದು ಕುಕ್ಕರ್ ತರಿಸಿದಳು.

ಕುಕ್ಕರ್ ತಂದ ಹುಡುಗ ಬಾಗಿಲಲ್ಲಿ ನಿಂತು ಪೊಟ್ಟಣದ ಮೇಲಿನ ಹೆಸರು ಓದಿ, ಮೇಡಂ ಇದ್ದಾರಾ ಎಂದು ಕೇಳಿದ. ಅಕ್ಕ ಸುಳ್ಳು ಹೇಳುವವರಲ್ಲ.

"ಹೈ," ಎಂದರು.

"ಬುಲಾಯಿಯೇ. ಓಟಿಪಿ ಚಾಹಿಯೇ," ಎಂದು ಹುಡುಗ ಅವಳನ್ನು ಕರೆಯಲು ಹೇಳಿದ.

"ವೋ ಬಾಹರ್ ನಹೀ ಆಯೇಗಿ. ಛೋಟಾ ಬಚ್ಚಾ ಥಾ ತಬ್ ಮರ್ ಗಯಾ."

ಹೊರಗೆ ಬರುವುದಿಲ್ಲ, ಚಿಕ್ಕ ಮಗುವಾಗಿದ್ದಾಗಲೇ ಸತ್ತಿದ್ದಾಳೆ ಎಂಬುದನ್ನು ಕೇಳಿದ ಮೇಲೆ ಹುಡುಗ ಓಟಿಪಿ ಕೇಳಲಿಲ್ಲ. ಲಿಫ್ಟ್ ಅದೇ ಮಹಡಿಯಲ್ಲಿ ಬಾಗಿಲು ತೆರೆದು ನಿಂತಿದ್ದರೂ ಮೆಟ್ಟಿಲಿನಲ್ಲೇ ಇಳಿದು ಹೋದ ಎಂದು ವಾಚ್‌ಮನ್ ಹೇಳಿದ.

ನಾನು ಹೋಗಿ ಆ ಹೆಸರನ್ನು ಅಳಿಸಿದೆ. ಮರುದಿನ ಅದು ಮತ್ತೆ ಬಂದಿತ್ತು. ಅಣ್ಣನ ಫೋನು, ಅಕ್ಕನ ಫೋನು, ಮನೆಯ ಕಂಪ್ಯೂಟರು ಮೂರೂ ಒಂದೇ ಖಾತೆಯಲ್ಲಿದ್ದವು. ಒಂದು ಕಡೆ ಉಳಿದದ್ದು ಉಳಿದೆಲ್ಲ ಕಡೆ ತಾನಾಗಿ ಬರುತ್ತದೆ, ಅದಕ್ಕೆ ಸಿಂಕ್ ಎನ್ನುತ್ತಾರೆ ಎಂದು ವಿವರಿಸಿದೆ.

"ಹಾಗೆಯೇ," ಎಂದರು ಅಕ್ಕ, ಮೊದಲೇ ಗೊತ್ತಿದ್ದವರಂತೆ.

೩. ಮನೆಯಲ್ಲಿ ಯಾರೂ ಇಲ್ಲದಾಗ

ಮೂರನೆಯ ಸಲ ಕಿರಿಯವಳು ಆಫೀಸಿಗೆ ರಜೆ ಹಾಕಿ ನಮ್ಮ ಬಾಗಿಲಿಗೇ ಬಂದಳು. ಕಂಪ್ಯೂಟರಿನಲ್ಲಿ ಏನೇನು ಹುಡುಕಿದ್ದಾರೆಂಬ ಹಿಸ್ಟರಿ ತೆಗೆದು ನೋಡಿದ್ದಳಂತೆ. ಹಿಂದಿನ ದಿನ ಮಧ್ಯಾಹ್ನ ಯಾರೋ ಹುಡುಕಿದ್ದರು. ಆ ಹೊತ್ತಿಗೆ ಅವಳು ಠಾಣೆಯಲ್ಲಿ, ಅಣ್ಣ ಶಹಾಡಿನಲ್ಲಿ ನೆಂಟರ ಮನೆಯಲ್ಲಿ, ಅಕ್ಕ ಪೇಟೆಯಲ್ಲಿ. ಮನೆಗೆ ಬೀಗ.

"ಘರ್ ಪೇ ಕೋಯಿ ನಹೀ ಥಾ, ಅಂಕಲ್."

ಹೋಗಿ ನೋಡಿದೆ. ಒಂದರ ಕೆಳಗೆ ಒಂದು, ಕನ್ನಡದಲ್ಲಿಯೇ ಇದ್ದವು. ಮೂರು ತಿಂಗಳ ಮಗುವಿನ ಬಳೆ. ಶಾಲೆಗೆ ಹೋಗುವ ಹುಡುಗಿಯ ಬಳೆ. ಪ್ರಾಯದ ಹುಡುಗಿಯ ಬಳೆ. ಮದುಮಗಳ ಹಸಿರು ಬಳೆ ಅಳತೆ.

ನಾನು ಕಸುಬಿನವನು, ಹೆದರುವುದು ಶೋಭಿಸುವುದಿಲ್ಲ. ಫ್ಯಾನ್ ಹಾಕಿ ಎಂದೆ. ಆಗಲೇ ಹಾಕಿದೆ ಎಂದರು. ಇನ್ನಷ್ಟು ಜೋರು ಮಾಡಿಸಿದೆ.

ಅಷ್ಟರಲ್ಲಿ ಅಕ್ಕ ಅಡುಗೆಮನೆಯಿಂದ ಬಂದು, ಪರದೆ ನೋಡಿ, "ಅದು ನಾನು," ಎಂದರು. ಕಲ್ಯಾಣದ ಬಳೆ ಅಂಗಡಿಯವನು ಅಳತೆ ಕೇಳಿದನಂತೆ. ಇವರಿಗೆ ಗೊತ್ತಿರಲಿಲ್ಲ. ಫೋನಿನ ಮೈಕ್ ಒತ್ತಿ ಒಂದೊಂದಾಗಿ ಕೇಳಿದರಂತೆ. ಅದೇ ಸಿಂಕ್.

"ಮೊದಲಿನಿಂದ ಯಾಕ ಕೇಳಿದ್ರಿ ಅಕ್ಕಾ?"

"ನಾನು ಅವಳ ಕೈ ನೋಡಿದ್ದು ಮೂರು ತಿಂಗಳಿನದ್ದು ಮಾತ್ರ. ಅಲ್ಲಿಂದ ಲೆಕ್ಕ ಹಾಕಿಕೊಂಡು ಬರಬೇಕಲ್ಲ."

ಮತ್ತೆ ಯಾವ ಅಳತೆ ತಂದದ್ದು ಎಂದು ಅಣ್ಣ ಕೇಳಿದರು.

"ಇವಳದ್ದೇ ಅಳತೆ," ಎಂದರು ಅಕ್ಕ. "ಅಕ್ಕತಂಗಿ ಅಲ್ವಾ."

ಕಿರಿಯವಳು ಮೇಜಿನ ಮೇಲಿದ್ದ ಎರಡೂ ಕೈಗಳನ್ನು ತೆಗೆದು ದುಪಟ್ಟಾದ ಒಳಗೆ ಇಟ್ಟುಕೊಂಡಳು.

೪. ಕಣ್ಣು ಮಿಟುಕಿಸಿ

ಆ ಸಂಜೆ ಅವಳು ಒಬ್ಬಳೇ ಕೂತು, ಬ್ರೌಸರಿನಲ್ಲಿ ಎಲ್ಲವನ್ನೂ ಅಳಿಸುವ ಗುಂಡಿ ಒತ್ತಿದಳು. ಹಿಸ್ಟರಿ, ಕುಕಿ, ಪಾಸ್‌ವರ್ಡ್, ಹೆಸರು. ಎಷ್ಟು ಹಿಂದಿನದು ಎಂದು ಅದು ಕೇಳಿತು. ಮೊದಲಿನಿಂದ ಎಂದಳು. ಸಿಂಕ್ ಇರುವುದರಿಂದ ಮತ್ತೆ ಬರಬಾರದೆಂದು ಎರಡೂ ಫೋನುಗಳಲ್ಲಿಯೂ ಅದನ್ನೇ ಒತ್ತಿದಳು.

ಮರುದಿನ ಬೆಳಿಗ್ಗೆ ಅಣ್ಣ ನನ್ನನ್ನು ಕರೆಯಲಿಲ್ಲ. ಕಿರಿಯವಳೇ ಕರೆದಳು. ಹಾಲಿನಲ್ಲಿ ಮೂವರೂ ದೂರ ದೂರ ಕೂತಿದ್ದರು.

"ನಿನ್ನೆ ಐರೋಲಿಯಿಂದ ಒಂದು ಮೆಸೇಜ್ ಬಂದಿತ್ತು," ಎಂದರು ಅಣ್ಣ. "ನೀವು ಬರೆದದ್ದು ಪೂರ್ತಿ ಓದಿದೆವು ಅಂತ ಮೊದಲ ಸಾಲು. ಉಳಿದದ್ದು ಬೆಳಿಗ್ಗೆ ನಿಧಾನ ಓದುವ ಅಂತ ಇಟ್ಟಿದ್ದೆ."

ಇಷ್ಟು ತಿಂಗಳಲ್ಲಿ ಪೂರ್ತಿ ಓದಿದ್ದೇವೆ ಎಂದು ಬರೆದವರು ಅವರೊಬ್ಬರೇ. ಈಗ ಒಳಗೆ ಹೋಗಲು ಪಾಸ್‌ವರ್ಡ್ ಇಲ್ಲ, ಅದು ಬ್ರೌಸರಿಗೆ ಮಾತ್ರ ಗೊತ್ತಿತ್ತು. ಓಟಿಪಿ ತರಿಸೋಣವೆಂದರೆ ಅಣ್ಣ ಸೈಟಿಗೆ ಕೊಟ್ಟಿದ್ದು ಹೋಟೆಲಿನ ನಂಬರು. ಹೋಟೆಲಿನ ಜೊತೆ ಅದೂ ಕೊಂಡವರ ಪಾಲಾಗಿತ್ತು. ಅವರಿಗೆ ಫೋನ್ ಮಾಡಿದರೆ, ಲೈನ್ ಯಾವತ್ತೋ ಕಟ್ ಮಾಡಿಸಿದೆವು ಎಂದರು. ಈ ಸಂಬಂಧ ತಪ್ಪಿದರೆ ಕಿರಿಯವಳ ಮುಹೂರ್ತ ಮತ್ತೆ ಎಷ್ಟು ಮುಂದಕ್ಕೆ ಹೋಗುತ್ತದೆಂದು ತಿಳಿಯಲು ಅವಳ ಮುಖ ನೋಡಿದರೆ ಸಾಕಾಗಿತ್ತು.

ಸೈಟಿನಲ್ಲಿ ಉಳಿದದ್ದು ಒಂದೇ ದಾರಿ. "ಪ್ರೊಫೈಲಿನ ವ್ಯಕ್ತಿ ಕ್ಯಾಮರಾದ ಎದುರು ಕುಳಿತುಕೊಳ್ಳಿ. ನೀವು ಜೀವಂತ ವ್ಯಕ್ತಿ ಎಂದು ಖಚಿತಪಡಿಸಲು ಕಣ್ಣು ಮಿಟುಕಿಸಿ."

ನಾನು ಅದನ್ನು ಗಟ್ಟಿಯಾಗಿ ಓದಬಾರದಿತ್ತು.

"ಫೋಟೋ ಹಾಕಿಲ್ಲ, ಹೋಲಿಸಿ ನೋಡ್ಲಿಕ್ಕಿ ಅದಕ್ಕೇನೂ ಇಲ್ರೀ," ಎಂದೆ. "ಯಾರರೆ ಒಬ್ಬರು ಕೂತ್ರ ಆತು."

ಅಣ್ಣ ಕೂತರು. ಹೆಣ್ಣಿನ ಪ್ರೊಫೈಲು ಎಂದು ಸೈಟು ಮೀಸೆಯನ್ನು ಒಪ್ಪಲಿಲ್ಲ. ಅಕ್ಕ ಕೂತರು. ವಯಸ್ಸು ಹೊಂದುವುದಿಲ್ಲ ಎಂದಿತು. ಎಲ್ಲರೂ ಕಿರಿಯವಳನ್ನು ನೋಡಿದರು.

"ಮೈ ನಹೀ," ಎಂದಳು.

"ಬೇಡ ಬಿಡು," ಎಂದರು ಅಕ್ಕ.

ಆಮೇಲೆ ಅವಳೇ ಎದ್ದು ಬಂದು ಕೂತಳು. ಕೂದಲು ಸರಿಮಾಡಿಕೊಂಡಳು. ಪರದೆಯಲ್ಲಿ ಅವಳ ಮುಖ, ಅದರ ಕೆಳಗೆ ಹಿರಿಯವಳ ಹೆಸರು. ಕಣ್ಣು ಮಿಟುಕಿಸಿದಳು. ಚಕ್ರದಂಥದ್ದೊಂದು ತಿರುಗಿ ತಿರುಗಿ ನಿಂತಿತು. ಆ ಹೆಸರು ಹಿಡಿದು ಸೈಟು ಸ್ವಾಗತಿಸಿತು, ಬಹಳ ದಿನಗಳ ಮೇಲೆ ನಿಮ್ಮನ್ನು ನೋಡಿ ಸಂತೋಷವಾಯಿತು ಎಂದಿತು. ಹೆಸರಿನ ಪಕ್ಕದಲ್ಲಿ ಹಸಿರು ಗುರುತೊಂದು ಮೂಡಿತು: ಜೀವಂತ ವ್ಯಕ್ತಿ, ಪರಿಶೀಲಿಸಲಾಗಿದೆ.

ಅಕ್ಕ ಸೆರಗಿನಿಂದ ಪರದೆಯ ಮೇಲಿನ ಧೂಳು ಒರೆಸಿದರು. ಧೂಳು ಇರಲಿಲ್ಲ.

ಮೆಸೇಜ್ ಅಲ್ಲೇ ಇತ್ತು. "ನೀವು ಬರೆದದ್ದು ಪೂರ್ತಿ ಓದಿದೆವು. ನಮ್ಮ ಹುಡುಗನೂ ಹಾಗೆಯೇ. ಬಳಿ ಬೇರೆ ಉಂಟು. ಯಾವಾಗ ಬರಬಹುದು?"

ಬಾಗಿದ್ದ ತಲೆಗಳು ನಾಲ್ಕೂ ಒಟ್ಟಿಗೆ ಹಿಂದೆ ಸರಿದವು. ಹುಡುಗನ ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕೆ ಉರಿಯುತ್ತಿತ್ತು: ಈಗ ಆನ್‌ಲೈನ್ ಇದ್ದಾರೆ.

೫. ವಿಳಾಸ

ಮದುವೆ ಐರೋಲಿಯ ಗಂಡಿನ ಮನೆಯ ಹಾಲಿನಲ್ಲಿ, ಒಂದು ಭಾನುವಾರ. ಸಂಬಂಧ ಕೂಡಿಸಿದವರು ಎಂದು ನನ್ನನ್ನೂ ಕರೆದರು. ಎರಡು ಕುರ್ಚಿ ಇಟ್ಟಿದ್ದರು. ಒಂದರ ಮೇಲೆ ಧಾರೆ ಸೀರೆ ಮತ್ತು ಹಸಿರು ಬಳೆ, ಇನ್ನೊಂದರ ಮೇಲೆ ಪಂಚೆ, ಶಾಲು. ಹಾರ ಬದಲಾಯಿಸಿದರು, ಧಾರೆ ಎರೆದರು, ಎರಡು ಎಲೆ ಹಾಕಿ ಕೋಳಿ ಬಡಿಸಿದರು. ಗಂಡಿನ ತಾಯಿ ಅಕ್ಕನ ಕೈ ಹಿಡಿದು, ಸೊಸೆಯ ಬಗ್ಗೆ ಚಿಂತೆ ಮಾಡಬೇಡಿ, ನಾವು ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂದರು. ಅಕ್ಕ ಅತ್ತರು. ಕಿರಿಯವಳೂ ಅತ್ತಳು. ಊಟಕ್ಕೆ ನನಗೆ ಸಿಕ್ಕ ಜಾಗ ಮದುಮಗನ ಪಕ್ಕದ್ದು. ಬಹಳ ಕಡಿಮೆ ಮಾತಿನವರು.

ಪ್ರೊಫೈಲ್ ಮುಚ್ಚುವಾಗ ಸೈಟು ಕಾರಣ ಕೇಳಿತು. "ಈ ಸೈಟಿನ ಮೂಲಕವೇ ಮದುವೆಯಾಯಿತು" ಎಂಬುದನ್ನು ಅಣ್ಣ ಹೆಮ್ಮೆಯಿಂದ ಒತ್ತಿದರು. ಹಾಗಾದರೆ ಜೋಡಿಯ ಫೋಟೋ ಕಳಿಸಿ, ನಮ್ಮ ಮುಖಪುಟದಲ್ಲಿ ಹಾಕುತ್ತೇವೆ ಎಂದಿತು. ಅಣ್ಣ ಎರಡು ಕುರ್ಚಿಗಳ ಫೋಟೋ ಕಳಿಸಿದರು. ಮುಖಗಳು ಸ್ಪಷ್ಟವಾಗಿಲ್ಲ, ಹತ್ತಿರದಿಂದ ತೆಗೆದದ್ದು ಕಳಿಸಿ ಎಂದು ಉತ್ತರ ಬಂತು. ಇನ್ನೂ ಹತ್ತಿರದಿಂದ ತೆಗೆದದ್ದು ಅವರಲ್ಲಿ ಇತ್ತು, ಕಳಿಸಿದರು. ಅದಕ್ಕೆ ಉತ್ತರ ಬರಲಿಲ್ಲ.

ಅಂದೇ ನಾನು ಸಿಂಕ್ ಬಂದ್ ಮಾಡಿದೆ. ಬ್ರೌಸರಿನ ನೆನಪಿನಲ್ಲಿ ಒಂದು ಹೆಸರೂ ಉಳಿದಿಲ್ಲ ಎಂದು ಕಿರಿಯವಳಿಗೆ ತೋರಿಸಿದೆ.

ಎರಡು ವಾರದ ಮೇಲೆ ಅವಳು ತನ್ನ ಮದುವೆಗೆ ಠಾಣೆಯಲ್ಲಿ ಹಾಲ್ ಬುಕ್ ಮಾಡಲು ಕೂತು ನನ್ನನ್ನು ಕರೆದಳು. ಫಾರ್ಮಿನ ಮೊದಲ ಖಾನೆಯನ್ನು ಮುಟ್ಟಿದೊಡನೆ ಹಿರಿಯವಳ ಹೆಸರು ಬಂತು. ವಿಳಾಸ ಮಾತ್ರ ಡೊಂಬಿವಲಿಯದ್ದಲ್ಲ. ಐರೋಲಿ, ಗಂಡಿನ ಮನೆಯದ್ದು, ಪಿನ್‌ಕೋಡ್ ಸಮೇತ.

ಯಾರು ತುಂಬಿದ್ದು ಎಂದು ಮೂವರನ್ನೂ ಕೇಳಿದೆ. ಅಣ್ಣ ನಾನಲ್ಲ ಎಂದರು. ಕಿರಿಯವಳು ಫ್ಯಾನ್ ನೋಡುತ್ತಿದ್ದಳು.

"ಮದುವೆ ಆದ ಮೇಲೆ ಅಲ್ಲಿಯೇ ಇರುದಲ್ವಾ," ಎಂದರು ಅಕ್ಕ.

ಆ ಹೆಸರನ್ನು ನಾನು ಅಳಿಸಲಿಲ್ಲ. ಕಿರಿಯವಳ ಹೆಸರನ್ನು ಕೈಯಿಂದ ಟೈಪ್ ಮಾಡಿದೆವು. ಹಾಲ್ ಸಿಕ್ಕಿತು. ಮದುವೆ ಆಯಿತು. ಕಂಪ್ಯೂಟರ್ ಈಗ ಸರಿಯಾಗಿ ಕೆಲಸ ಮಾಡುತ್ತಿದೆ.