ಭಾವನ ಕೆಳಸಾಲಿನ ಹಲ್ಲು

ನಿರುದ್ಯೋಗ ವಿಮಾ ನಿಧಿಗೆ ಕೆಲಸಗಾರರು ಒಂದು ಕಾಸನ್ನೂ ಕೊಡಬೇಕಾಗಿಲ್ಲ. ಕೊಡುವವರು ಮಾಲೀಕರು, ಹಂಚುವ ಸಂಬಳದ ಮೇಲೆ ಇಂತಿಷ್ಟು ಪಾಲು. ಜನರನ್ನು ಹೆಚ್ಚು ತೆಗೆದುಹಾಕಿದವರಿಗೆ ಹೆಚ್ಚು ದರ, ತೆಗೆಯದವರಿಗೆ ಕಡಿಮೆ. ಮಾಲೀಕರಿಗೆ ಬುದ್ಧಿ ಬರಲಿ ಎಂದು ಮಾಡಿದ ನಿಯಮ. ಬುದ್ಧಿ ಬಂತು. ಊರಿನಲ್ಲಿ ಯಾರೂ ಯಾರನ್ನೂ ತೆಗೆಯಲಿಲ್ಲ, ದರ ಇಳಿಯುತ್ತಾ ಹೋಯಿತು, ಇದ್ದ ನಿಧಿ ಕಚೇರಿಯ ಖರ್ಚಿಗೇ ಬರಿದಾಯಿತು. ಅದೇ ವಾರ ಬಟನ್ ಕಾರ್ಖಾನೆ ನಮ್ಮ ಭಾವನನ್ನು ತೆಗೆದುಹಾಕಿತು.

ಭಾವ ಎಂದರೆ ನಮ್ಮಕ್ಕನ ಗಂಡ. ಇಪ್ಪತ್ತೆರಡು ವರ್ಷ ಬಟನ್‌ಗಳಿಗೆ ತೂತು ಕೊರೆದವರು. ಆಗಷ್ಟೇ ಮೇಲಿನ ಸಾಲಿನ ಕಟ್ಟುಹಲ್ಲು ಹಾಕಿಸಿಕೊಂಡಿದ್ದರು. ಕೆಳಸಾಲು ದಂತವೈದ್ಯರ ಕಪಾಟಿನಲ್ಲಿತ್ತು. ಹಣ ಕಟ್ಟದೆ ಹೊರಗೆ ಬರುವಂತಿರಲಿಲ್ಲ. ಭಾವ ಹಾಲಿನಲ್ಲಿ ಬ್ರೆಡ್ ನೆನೆಸಿಕೊಂಡು ದಿನ ನೂಕುತ್ತಿದ್ದರು.

ಅವರನ್ನು ನಿಧಿ ಕಚೇರಿಗೆ ಕರೆದುಕೊಂಡು ಹೋದವನು ನಾನೇ. ಅಧಿಕಾರಿ ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು.

"ನಿಮ್ಮ ಭತ್ಯೆ ಮಂಜೂರಾಗಿದೆ. ನಿಧೀಲಿ ಹಣ ಇಲ್ಲ, ಅಷ್ಟೇ."

"ಮತ್ತೆ ಹಣ ಎಲ್ಲಿಂದ ಬರುತ್ತೆ ಸಾರ್?" ಎಂದೆ ನಾನು.

"ನಿಮ್ಮ ಮಾಲೀಕರ ದರ ಏರಬೇಕು. ಒಬ್ಬರನ್ನ ತೆಗೆದರೆ ಏರಲ್ಲ. ಇನ್ನೊಂದು ಹನ್ನೊಂದು ಜನರನ್ನ ತೆಗೆಸಿ ನೋಡಿ."

ಭಾವನ ಮೇಲೆ ಕಾರ್ಖಾನೆಯಲ್ಲಿ ಎಲ್ಲರಿಗೂ ಪ್ರೀತಿ. ಪ್ಯಾಕಿಂಗ್ ವಿಭಾಗದ ಹನ್ನೊಂದು ಮಂದಿ, ತಮ್ಮನ್ನು ದಯವಿಟ್ಟು ವಜಾ ಮಾಡಬೇಕೆಂದು ಅರ್ಜಿ ಬರೆದರು. ಮಾಲೀಕರು ಕಣ್ಣೊರೆಸಿಕೊಂಡು ಸಹಿ ಹಾಕಿದರು. ದರ ಏರಿತು. ಆದರೆ ಈಗ ಆ ಹನ್ನೊಂದು ಜನರಿಗೂ ಭತ್ಯೆ ಕೊಡಬೇಕಲ್ಲ? ಕಚೇರಿ ಪ್ರಕಟಣೆ ಹೊರಡಿಸಿತು: "ನೀವೂ ವಜಾ ಆಗಿ, ಹಿಂದೆ ವಜಾ ಆದವರಿಗೆ ಆಸರೆಯಾಗಿ." ತಿಂಗಳೊಳಗೆ ಕಾರ್ಖಾನೆಯ ನೂರ ನಲವತ್ತು ಜನರೂ ಹೊರಗಿದ್ದರು. ದರ ಹಿಂದೆಂದೂ ಕಾಣದಷ್ಟು ಎತ್ತರಕ್ಕೆ ಹೋಯಿತು. ಅಧಿಕಾರಿ ಮಾಲೀಕರಿಗೆ ಶಾಲು ಹೊದಿಸಿದರು.

ಶಾಲು ಹೊದಿಸಿದ ಮೇಲೆ ಲೆಕ್ಕ ಹಾಕಿದರು. ದರ ಇದ್ದದ್ದು ಸಂಬಳದ ಮೇಲೆ. ಸಂಬಳ ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ಮೂರು ಸಲ ಗುಣಿಸಿದರೂ ಸೊನ್ನೆಯೇ ಬಂತು.

ಆಗ ಬಂದದ್ದೇ ಏಳನೇ ತಿದ್ದುಪಡಿ: ಸಂಬಳವಿಲ್ಲದೆ ಪಾಲಿಲ್ಲ, ವಜಾ ಇಲ್ಲದೆ ದರವಿಲ್ಲ, ಆದುದರಿಂದ ಸಮಸ್ತ ಕೆಲಸಗಾರರನ್ನು ಪ್ರತಿ ಸೋಮವಾರ ನೇಮಿಸಿ ಪ್ರತಿ ಶುಕ್ರವಾರ ವಜಾ ಮಾಡತಕ್ಕದ್ದು. ಇದರ ಕರಡು ಬರೆದವನು ನಾನೇ ಎಂದು ಕೆಲವರು ಹೇಳುತ್ತಾರೆ. ನಾನು ಅಲ್ಲವೆಂದಿಲ್ಲ, ಹೌದೆಂದೂ ಹೇಳಿಲ್ಲ. ಮಾಲೀಕರಂತೂ ಕುಣಿದಾಡಿದರು. ಐದು ದಿನಕ್ಕಿಂತ ಹಳೆಯ ಕೆಲಸಗಾರನೇ ಇಲ್ಲದ ಮೇಲೆ ಬಡ್ತಿ, ರಜೆ, ನಿವೃತ್ತಿ ಯಾವುದರ ಗೊಡವೆಯೂ ಇಲ್ಲ.

ನಿಧಿ ತುಂಬಿತು. ಭಾವನ ಕೆಳಸಾಲು ಬಂತು.

ಕಳೆದ ಶುಕ್ರವಾರ ಮಾತ್ರ ಒಂದು ಎಡವಟ್ಟಾಯಿತು. ಗುಮಾಸ್ತ ಭಾವನ ವಜಾ ಪತ್ರವನ್ನು ಮರೆತೇಬಿಟ್ಟ. ಭಾವ ಕೆಲಸ ಇಟ್ಟುಕೊಂಡೇ ಮನೆಗೆ ಬಂದರು. ಅಕ್ಕ ಬಾಗಿಲಲ್ಲೇ ತಡೆದಳು. "ನೀವೇನು ತಪ್ಪು ಮಾಡಿದ್ರಿ ಅಂತ ನಿಮ್ಮೊಬ್ಬರನ್ನೇ ಉಳಿಸಿಕೊಂಡ್ರು?" ಅಕ್ಕಪಕ್ಕದವರು ಬಂದು ಸಮಾಧಾನ ಹೇಳಿ ಹೋದರು.

ಶನಿವಾರ ಬೆಳಿಗ್ಗೆ ಅಧಿಕಾರಿಯೇ ಪತ್ರ ಹಿಡಿದುಕೊಂಡು ಬಂದು ಕ್ಷಮೆ ಕೇಳಿದರು. ಭಾವ ಅದನ್ನು ಕಣ್ಣಿಗೊತ್ತಿಕೊಂಡು, ಮೂವತ್ತೆರಡೂ ಹಲ್ಲು ತೋರಿಸಿ ನಕ್ಕು, ಒಂದು ಹಸಿ ಕ್ಯಾರೆಟ್ಟನ್ನು ಕಟಕಟನೆ ಕಡಿದು ತಿಂದರು.