ನಮ್ಮನೆಯವರಿಗೆ ರಕ್ತ ಬೇಕು

ಎಲ್ಲ ರಗಳೆಗೂ ಕಾರಣ ಒಂದೇ ಒಂದು ಮಾತು. ಅದೂ ಯಾರ ಬಾಯಿಂದ ಬಂತು ಅಂತೀರಿ? ಪ್ರೆಸ್ಸಿನ ಪ್ರೂಫ್ ರೀಡರ್ ಬಾಯಿಂದ. ಒಂದು ಒತ್ತಕ್ಷರ ತಪ್ಪಿದರೆ ಊಟ ಸೇರದ ಮನುಷ್ಯ ಅವರು. ಮದುವೆ ಕಾಗದದಲ್ಲಿ ಹುಡುಗಿಯ ಹೆಸರಿಗೆ ದೀರ್ಘ ಬಿಟ್ಟುಹೋಗಿದೆ ಎಂದು ಅಚ್ಚಾದ ಕಟ್ಟುಗಳನ್ನೆಲ್ಲ ವಾಪಸು ತರಿಸಿ, ಮಾಲೀಕರ ಕೈಲಿ ಉಗಿಸಿಕೊಂಡವರು. ಅಂಥವರು ಆವತ್ತು ಬೆಳಿಗ್ಗೆ ಆಸ್ಪತ್ರೆಯಿಂದ ಓಡೋಡಿ ಬಂದು, ಮಷಿನ್ನುಗಳ ಗದ್ದಲದ ನಡುವೆ ಫೋರ್‌ಮನ್ನರ ಮುಂದೆ ನಿಂತು, ಹಿಂದೆ ಮುಂದೆ ನೋಡದೆ ಹೇಳಿಬಿಟ್ಟರು.

"ನಮ್ಮನೆಯವರಿಗೆ ಆಪರೇಷನ್ನು ಸಾರ್. ನಾನು ಹೋಗಿ ರಕ್ತ ಕೊಡಬೇಕು. ರಜೆ ಬೇಕಾಗಿತ್ತು."

ಮಷಿನ್ ನಿಂತಿತು. ಯಾಕೆಂದರೆ ಪ್ರೆಸ್ಸಿನಲ್ಲಿ ಅವರನ್ನು ಕರೆಯುತ್ತಿದ್ದದ್ದೇ ಬ್ರಹ್ಮಚಾರಿ ಎಂದು. ಅವರಿಗೆ ಹೆಣ್ಣು ಹುಡುಕುವುದಂತೂ ಫೋರ್‌ಮನ್ನರಿಗೆ ಸಂಬಳವಿಲ್ಲದ ಎರಡನೇ ನೌಕರಿಯೇ ಆಗಿತ್ತು. ಈಗ ನೋಡಿದರೆ ಈ ಮಹಾರಾಯ ಯಾರಿಗೂ ಹೇಳದೆ ಕೇಳದೆ ಮದುವೆಯಾಗಿ ಕೂತಿದ್ದಾನೆ!

ಪಾಪ, ಅವರು ಆಗಿರಲಿಲ್ಲ. ಆಗುವಂತೆಯೂ ಇರಲಿಲ್ಲ. ಅವರ ಮನೆಯಲ್ಲಿದ್ದವರು ವಾಚ್ ರಿಪೇರಿ ಮಾಡುವ ಒಬ್ಬ ಗಂಡಸು. ಇಬ್ಬರೂ ಪ್ರಾಯದ ದಿನಗಳಿಂದ ಒಂದೇ ಮಹಡಿ ಮನೆಯಲ್ಲಿದ್ದರು. ಬಾಡಿಗೆ ಉಳಿಸೋಕೆ ಜೊತೆಗಿದ್ದಾರೆ ಎಂದು ಕೆಳಗಿನ ಮನೆಯವರು ತಿಳಿದಿದ್ದರು, ಇವರೂ ಹಾಗೇ ತಿಳಿಯಲಿ ಎಂದು ಬಿಟ್ಟಿದ್ದರು. ಅವರಿಬ್ಬರಿಗೆ ಮಾತ್ರ ಅದು ಸಂಸಾರ. ಹಿಂದಿನ ಸಂಜೆ ರಿಪೇರಿಯವರು ಹೊಟ್ಟೆ ಹಿಡಿದುಕೊಂಡು ಕುಸಿದಿದ್ದರು. ಒಳಗೆ ಹುಣ್ಣು ಒಡೆದು ರಕ್ತ ಸೋರುತ್ತಿತ್ತು. ರಕ್ತನಿಧಿಯಲ್ಲಿ ದಾಸ್ತಾನು ಕಮ್ಮಿ, ಯಾವ ಗುಂಪಾದರೂ ಸರಿ ಒಬ್ಬರು ಕೊಟ್ಟರೆ ರೋಗಿಗೆ ಬೇಕಾದ ಗುಂಪಿನದು ಕೊಡುತ್ತೇವೆ, ಆಮೇಲೇ ಆಪರೇಷನ್ ಎಂದಿದ್ದರು. ಮನಸ್ಸೆಲ್ಲ ಅಲ್ಲೇ ಇದ್ದ ಪ್ರೂಫ್ ರೀಡರ್ ಬಾಯಿಂದ ಇಷ್ಟು ವರ್ಷ ಬಚ್ಚಿಟ್ಟ ಮಾತು ತಾನಾಗಿ ಜಾರಿತ್ತು.

ರಜೆ ಸಿಕ್ಕಿತು, ಜೊತೆಗೆ ಮೆರವಣಿಗೆಯೂ ಸಿಕ್ಕಿತು. ಯಾರೂ ಬರುವುದು ಬೇಡ ಎಂದು ಪ್ರೂಫ್ ರೀಡರ್ ಕೈಮುಗಿದರು. ಕೇಳುವವರು ಯಾರು? ಮಷಿನ್ ಓಡಿಸುವವನು ತಾನೂ ರಕ್ತ ಕೊಡುತ್ತೇನೆಂದು ತೋಳು ಮಡಚಿದ. ಬೈಂಡಿಂಗ್ ಅಕ್ಕ ಗೋಂದಿನ ಕೈ ತೊಳೆದುಕೊಂಡು, ಹೊಸ ತಂಗಿಯನ್ನು ಬರಿಗೈಲಿ ನೋಡಲಾಗುತ್ತದೆಯೇ ಎಂದು ದಾರಿಯಲ್ಲಿ ಒಂದು ಹೂವಿನ ನೈಟಿ ಕೊಂಡಳು. ಫೋರ್‌ಮನ್ನರು ಮಾತ್ರ ಒಂದೂ ಮಾತಾಡದೆ ಹಿಂದೆ ಬಂದರು. ಅವರಿಗೆ ಸಿಟ್ಟು ಬಂದಿದೆ ಎಂದು ಎಲ್ಲರೂ ಅಂದುಕೊಂಡರು.

ಆಸ್ಪತ್ರೆಯ ಗಂಡಸರ ವಾರ್ಡಿನ ಬಾಗಿಲಲ್ಲಿ ಮೆರವಣಿಗೆ ತಬ್ಬಿಬ್ಬಾಯಿತು. ಮಂಚದ ಮೇಲೆ ಸುಣ್ಣದ ಗೋಡೆಯಂತೆ ಬಿಳಿಚಿಕೊಂಡ, ಮೀಸೆಯಿದ್ದ ಮನುಷ್ಯ ಮಲಗಿದ್ದರು. ಅಕ್ಕ ನೈಟಿಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಮನೆಯವರು ಅಂದರಲ್ಲ, ಇವರು ಯಾರು ಎಂದು ಮಷಿನ್‌ನವನು ಕೇಳಿಯೇಬಿಟ್ಟ.

"ಒಂದೇ ಮನೇಲಿ ಇರೋರು ಮನೆಯವರಲ್ಲದೆ ಇನ್ನೇನು, ಬೀದಿಯವರಾ?" ಎಂದು ಗದರಿದವರು ಫೋರ್‌ಮನ್ನರು. ಫೋರ್‌ಮನ್ನರು ಗದರಿದ ಮೇಲೆ ಮುಗಿಯಿತು. ಅಕ್ಕ ಬಂದು ರಿಪೇರಿಯವರ ಹೊದಿಕೆ ಸರಿಮಾಡಿದಳು. ರಿಪೇರಿಯವರು ಪ್ರೂಫ್ ರೀಡರನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದರು: "ಒಳಗೆ ಏನೇನೋ ಕೇಳ್ತಾರಂತೆ. ಇಲ್ಲ ಅಂದುಬಿಡು. ನನ್ನಾಣೆ."

ಇಲ್ಲ ಅನ್ನಬೇಕೆಂದೇ ಪ್ರೂಫ್ ರೀಡರ್ ರಕ್ತನಿಧಿಯ ಕೋಣೆಗೆ ಹೋದದ್ದು. ಅಲ್ಲಿನ ಡಾಕ್ಟರಮ್ಮ ತೂಕ ನೋಡಿದರು, ಬಿ.ಪಿ. ನೋಡಿದರು, ಬೆರಳು ಚುಚ್ಚಿ ನೋಡಿ ಕುದುರೆಯ ಹಾಗಿದ್ದೀರಿ ಎಂದು ಮೆಚ್ಚಿಕೊಂಡರು. ಕಾಮಾಲೆ, ಹಚ್ಚೆ, ಹಲ್ಲು ಕೀಳಿಸಿದ್ದು ಯಾವುದೂ ಇಲ್ಲ. ಕೊನೆಗೆ ದನಿ ತಗ್ಗಿಸಿದರು.

"ಗಂಡಸರ ಜೊತೆ ಸಂಬಂಧ ಏನಾದರೂ ಇದೆಯಾ?"

"ಗಂಡಸರ ಅಂತ ಬೇಡ ಮೇಡಂ, ಒಬ್ಬರೇ," ಎಂದರು ಪ್ರೂಫ್ ರೀಡರ್. "ಮೊದಲಿಂದಲೂ ಒಬ್ಬರೇ."

ಅಭ್ಯಾಸಬಲ. ತಪ್ಪು ಕಂಡಿತು, ತಿದ್ದಿದರು. ತಿದ್ದಿದ ಮೇಲೆ ಏನು ಹೇಳಿದೆನೆಂದು ಗೊತ್ತಾಗಿ ಮುಖದ ನೀರಿಳಿಯಿತು.

ಡಾಕ್ಟರಮ್ಮ ಕೆಟ್ಟವರಲ್ಲ. ಪೆನ್ನು ಕೆಳಗಿಟ್ಟು, ನಿಯಮ ಹಾಗಿದೆ, ಗಂಡಸರ ಜೊತೆ ಸಂಬಂಧ ಇರೋ ಗಂಡಸರ ರಕ್ತ ತಗೊಳ್ಳೋ ಹಾಗಿಲ್ಲ ಎಂದರು. ಪ್ರೂಫ್ ರೀಡರ್ ಅಂಗಲಾಚಿದರು. ಎಲ್ಲರ ರಕ್ತವನ್ನೂ ಪರೀಕ್ಷೆ ಮಾಡುತ್ತೀರಲ್ಲ, ನನ್ನದನ್ನೂ ಮಾಡಿ, ಕೆಟ್ಟದ್ದಿದ್ದರೆ ಚೆಲ್ಲಿ ಎಂದರು.

"ಪರೀಕ್ಷೆ ಮಾಡಬೇಕು ಅಂದರೆ ಮೊದಲು ತಗೋಬೇಕಲ್ಲ ಸಾರ್. ಅದೇ ಆಗಲ್ಲ."

ಅಲ್ಲಿ ಒಬ್ಬ ಮನುಷ್ಯನ ಪ್ರಾಣ ಸೋರಿಹೋಗುತ್ತಿತ್ತು, ಇಲ್ಲಿ ಕುದುರೆಯಂಥ ರಕ್ತ ಮೈಯಲ್ಲೇ ಇಟ್ಟುಕೊಂಡು ಈ ಮನುಷ್ಯ ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಅವರಿಗೆ ಅಳು ಬಂತು. ಯಾಕೆ ವಾಪಸು ಬಂದಿರಿ ಎಂದು ಕೇಳಿದವರಿಗೆ ತಲೆಯಲ್ಲಾಡಿಸಿದರು ಅಷ್ಟೇ.

ತೋಳು ಮಡಚಿದ್ದ ಮಷಿನ್‌ನವನು ಒಳಗೆ ಹೋದಷ್ಟೇ ಬೇಗ ಹೊರಗೆ ಬಂದ. ಹಿಂದಿನ ಸಂಜೆ ಕುಡಿದದ್ದು ಇನ್ನೂ ಬಾಯಲ್ಲಿ ಘಮಘಮ ಅನ್ನುತ್ತಿತ್ತು. ಅಕ್ಕನಿಗೆ, ನಿಮಗೇ ಯಾರಾದರೂ ರಕ್ತ ಕೊಡಬೇಕು ತಾಯಿ ಎಂದು ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರು. ಉಳಿದವರು ಫೋರ್‌ಮನ್ನರು. ಬೆಳೆದ ಮಕ್ಕಳ ತಂದೆ, ನೆಟ್ಟಗೆ ಇಸ್ತ್ರಿ ಮಾಡಿದ ಅಂಗಿ. ಅವರು ಒಳಗೆ ಹೋದರು, ಬಾಗಿಲು ಮುಚ್ಚಿತು, ಬೇಗ ತೆರೆಯಲಿಲ್ಲ. ಸ್ವಲ್ಪ ಹೊತ್ತಿಗೆ ನರ್ಸು ರೋಗಿಯ ಗುಂಪಿನ ರಕ್ತದ ಬಾಟಲಿ ಹಿಡಿದು ಆಪರೇಷನ್ ಕೋಣೆಯ ಕಡೆ ನಡೆದಳು.

ಮಧ್ಯಾಹ್ನ ಸರ್ಜನ್ನರು ಬಂದು ಗಂಡಾಂತರ ಕಳೆಯಿತು ಎಂದರು. ಪ್ರೂಫ್ ರೀಡರ್ ನೆಟ್ಟಗೆ ಹೋಗಿ, ತಲೆ ಸುತ್ತುತ್ತದೆ ಎಂದು ಇನ್ನೂ ರಕ್ತನಿಧಿಯ ಮಂಚದ ಮೇಲೇ ಕಾಲು ಚಾಚಿದ್ದ ಫೋರ್‌ಮನ್ನರ ಕೈ ಹಿಡಿದುಕೊಂಡರು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಏನು ಹೇಳಿದ್ರಿ ಒಳಗೆ?" ಎಂದು ಫೋರ್‌ಮನ್ನರು ಕೇಳಿದರು.

"ಇದ್ದದ್ದು ಹೇಳಿದೆ."

ಫೋರ್‌ಮನ್ನರು ತಿರುಗುವ ಫ್ಯಾನನ್ನೇ ನೋಡುತ್ತ ಮಲಗಿದ್ದರು.

"ನನ್ನನ್ನೂ ಕೇಳಿದರು. ಇಲ್ಲ ಅಂದೆ. ಮದುವೆಗೆ ಮುಂಚಿನಿಂದಲೂ ಇಲ್ಲ ಅಂತಲೇ ಹೇಳಿಕೊಂಡು ಬಂದಿದೀನಿ. ರೂಢಿಯಾಗಿಬಿಟ್ಟಿದೆ."

ಪ್ರೂಫ್ ರೀಡರ್ ಹಿಡಿದ ಕೈ ಬಿಡಲಿಲ್ಲ. ಫೋರ್‌ಮನ್ನರೇ ಮೆಲ್ಲಗೆ ಬಿಡಿಸಿಕೊಂಡು ಎದ್ದು, ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡರು.

ಹೊರಗೆ ಅಕ್ಕ ಬಿಸ್ಕತ್ತಿನ ಪೊಟ್ಟಣವನ್ನು ಇಡಿಯಾಗಿ ಫೋರ್‌ಮನ್ನರ ಕೈಗೆ ತುರುಕಿ, ನಿಮ್ಮಂಥವರಿಂದಲೇ ಲೋಕ ನಡೆದಿದೆ ಎಂದಳು. ಆಮೇಲೆ ಈ ಬ್ರಹ್ಮಚಾರಿಯನ್ನು ಯಾಕೆ ವಾಪಸು ಕಳಿಸಿದರು ಎಂದು ಕೇಳಿದಳು. ಏನಾದರೂ ಕೆಟ್ಟ ಕಾಯಿಲೆಯೋ ಎಂದು ಮಷಿನ್‌ನವನು ಆಗಲೇ ಒಂದು ಹೆಜ್ಜೆ ಹಿಂದೆ ಸರಿದು ನಿಂತಿದ್ದ.

"ಕಾಯಿಲೆಯೂ ಇಲ್ಲ, ಕಸಾಲೆಯೂ ಇಲ್ಲ," ಎಂದರು ಫೋರ್‌ಮನ್ನರು ಜೋರಾಗಿ. "ಸೂಜಿ ಕಂಡು ಓಡಿಬಂದರು."

ಮಷಿನ್‌ನವನು ಬಿದ್ದು ಬಿದ್ದು ನಕ್ಕ. ಅಕ್ಕ ನಗಲಿಲ್ಲ.

"ಅಷ್ಟು ವರ್ಷ ಒಂದೇ ಸೂರಿನಡಿ ಇದ್ದವರು ಸಾಯ್ತಾ ಬಿದ್ದಿದ್ದರು, ಒಂದು ಬಾಟಲಿ ಕೊಡೋಕೆ ನಿಮಗೆ ಮನಸ್ಸು ಬರಲಿಲ್ಲವಾ?"

ಪ್ರೂಫ್ ರೀಡರ್ ಫೋರ್‌ಮನ್ನರ ಕಡೆ ನೋಡಿದರು. ಅವರು ಬಿಸ್ಕತ್ತು ತಿನ್ನುತ್ತಿದ್ದರು.

"ಭಯ ಆಯ್ತಕ್ಕಾ," ಎಂದರು ಪ್ರೂಫ್ ರೀಡರ್. "ತಪ್ಪಾಯ್ತು."